ನಡುಮನೆಯಲ್ಲಿ ದೊರೆಯ ಎಡೆ

ನನ್ನ ತಮ್ಮನ ಬೆಕ್ಕಿನ ಕಣ್ಣೇ ಈಗ ನಮ್ಮನೆಯ ಬಂಡವಾಳ. ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲೇ ಹೋಂಸ್ಟೇ ತೆರೆದಿದ್ದಾನೆ. ಬಂದವರಿಗೆಲ್ಲ ಕನ್ನಡಕ ತೆಗೆದು ಕಣ್ಣು ತೋರಿಸಿ, "ನಮ್ ಮುತ್ತಜ್ಜ ಇಂಗ್ಲಿಷ್ ದೊರೆ" ಅನ್ನುತ್ತಾನೆ. ಇದೇ ಮಾತನ್ನು ಹಿಂದೆ ಆಲ್ದೂರಿನ ಸಂತೆಯಲ್ಲಿ ಯಾರೋ ಅಂದದ್ದಕ್ಕೆ ನಮ್ಮಪ್ಪ ಅವನ ಕೊರಳಪಟ್ಟಿ ಹಿಡಿದಿದ್ದರು.

ನಮ್ಮಜ್ಜನ ತಾಯಿ ಮಲ್ಲಂದೂರು ಕಡೆಯ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದವಳು. ಅಲ್ಲಿನ ದೊರೆಯಿಂದ ಬಸುರಾದಳು. ತಪ್ಪೆಲ್ಲ ಅವಳದೇ ಎಂಬಂತೆ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಡೆ ಇಟ್ಟರೆ ಅವಳ ಎಲೆ ಮಾತ್ರ ಹಿತ್ತಲಿನಲ್ಲಿ, ಕೊಟ್ಟಿಗೆ ಪಕ್ಕ. ಕಾಗೆಗಿಂತ ಮೊದಲು ನಾಯಿ ಬಾಯಿ ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ದೊರೆಯ ಚರಿತ್ರೆ ಹುಡುಕಿಕೊಡು ಎಂದು ತಮ್ಮ ದುಂಬಾಲು ಬಿದ್ದ.

"ಹುಡುಕ್ತೀನಿ ಮಾರಾಯ. ಆದ್ರೆ ಈ ಸಲ ಮುತ್ತಜ್ಜಿ ಎಡೆ ಒಳಗೆ ಇಡ್ಬೇಕು" ಎಂದೆ.

"ಆಯ್ತಕ್ಕ, ಅದೇನ್ ದೊಡ್ಡ ವಿಷ್ಯನಾ?"

ನಾಲ್ಕು ತಿಂಗಳು ಅಲೆದೆ. ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಟ್ಟದಿಂದ ಇಳಿಸಿಕೊಟ್ಟ ಗೆದ್ದಲು ಹಿಡಿದ ಹಾಜರಿ ಪುಸ್ತಕದಲ್ಲಿ ಮುತ್ತಜ್ಜಿಯ ಹೆಸರು ಸಿಕ್ಕಿತು. ಬಸುರು ಕಾಣುವ ಹೊತ್ತಿಗೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದರು. ಅದರ ಜೊತೆಯಲ್ಲೇ ದೊರೆಯ ಒಂದು ಫೋಟೋ, ತನ್ನ ದೇಶಕ್ಕೆ ಹೊರಡುವ ಮುಂಚೆ ಅವನು ಬರೆದಿಟ್ಟ ಒಂದು ಕಾಗದ. ತನ್ನ ಬೇಟೆನಾಯಿಗಳಿಗೆ ಯಾವ ಹೊತ್ತಿಗೆ ಏನು ಹಾಕಬೇಕು ಎಂದು ಎರಡು ಪುಟ ಬರೆದಿದ್ದ. ಹೆತ್ತವಳ ಬಗ್ಗೆಯಾಗಲಿ ಮಗುವಿನ ಬಗ್ಗೆಯಾಗಲಿ ಒಂದು ಸಾಲಿಲ್ಲ. ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಅವನು ಫೋಟೋ ಮಾತ್ರ ಇಟ್ಟುಕೊಂಡ.

ಅಮಾವಾಸ್ಯೆಯ ದಿನ ಹೋಗಿ ನೋಡಿದರೆ ನಡುಮನೆಯಲ್ಲಿ ಆ ಫೋಟೋಗೆ ಗಂಧದ ಹಾರ. ಮುಂದೆ ಅಗಲವಾದ ಬಾಳೆ ಎಲೆ, ಕಡುಬು, ಕೋಳಿ ಸಾರು, ಒಂದು ಲೋಟ ವಿಸ್ಕಿ, ಹಚ್ಚಿಟ್ಟ ಸಿಗರೇಟು. ಅತಿಥಿಗಳು ಮೊಬೈಲ್ ಹಿಡಿದು ಸುತ್ತ ನಿಂತಿದ್ದರು.

"ಮುತ್ತಜ್ಜಿದು ಎಲ್ಲೋ?"

ತಮ್ಮ ನನ್ನನ್ನು ಪಕ್ಕಕ್ಕೆ ಎಳೆದ. "ಮೆಲ್ಲಗೆ ಅಕ್ಕ, ಗೆಸ್ಟ್ ಇದಾರೆ. ಕೂಲಿ ಹೆಂಗಸು ಅಂತ ಹೆಂಗ್ ಹೇಳದು? ಹಿತ್ಲಲ್ಲಿ ಇಟ್ಟಿದೀನಲ್ಲ."

"ಥೂ!" ಎಂದೆ. ಎಲ್ಲರಿಗೂ ಕೇಳಿಸಿತು, ಕೇಳಲಿ ಎಂದೇ ಅಂದದ್ದು. ಹಿತ್ತಲಿಗೆ ಹೋದರೆ ಹೋಂಸ್ಟೇಯ ನಾಯಿ ಅವಳ ಎಲೆಯನ್ನು ನೆಕ್ಕಿ ಮುಗಿಸಿತ್ತು. ಒಳಗೆ ಬಂದು ದೊರೆಯ ಎಡೆಯನ್ನು ಎಲೆಸಮೇತ ಎತ್ತಿಕೊಂಡು ಹೋಗಿ ಅದೇ ನಾಯಿಯ ಮುಂದೆ ಸುರಿದೆ. ಆ ಜಾಗ ಒರೆಸಿ, ಹೊಸ ಎಲೆ ಹಾಕಿ, ಅಡುಗೆಮನೆಯಿಂದ ಕಡುಬು ತಂದು ಬಡಿಸಿ, ಮುತ್ತಜ್ಜಿಯನ್ನು ಹೆಸರು ಹಿಡಿದು ಕರೆದು ಕೈಮುಗಿದೆ.

ಹಿಂದೆ ಮೊಬೈಲುಗಳಲ್ಲಿ ಫೋಟೋ ತೆಗೆಯುವ ಸದ್ದು. ಒಬ್ಬಾಕೆ ಅಲುಗಾಡಬೇಡಿ ಎಂದು ನನಗೆ ಕೈಸನ್ನೆ ಮಾಡಿದಳು. ತಮ್ಮ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಹೇಳಿದ: "ಇದೂ ನಮ್ಮನೆ ಹಳೇ ಪದ್ಧತಿ, ಸಾರ್."