ವಾದ್ಯಾರ್ ವೈಟ್

ಆರೋಗ್ಯಮ್ಮನವರ ಎಡಗೆನ್ನೆಯ ಮೇಲೆ ಯಾವಾಗಲೂ ಬೆರಳಗಲ ಬಿಳಿ ಪುಡಿ ಮೆತ್ತಿರುತ್ತಿತ್ತು. ಅದು ಸಿಂಗಾರವಲ್ಲ, ಪರೀಕ್ಷೆ. ಮೇರಿಮಾತೆಯ ಪ್ರತಿಮೆಗೆ ಬಳಿಯುವ ಪುಡಿಯನ್ನು ಮೊದಲು ತಮ್ಮ ಕೆನ್ನೆಗೆ ತೀಡಿ ನೋಡುತ್ತಿದ್ದರು. "ನಂಗೆ ಚುಚ್ಚಿದ್ರೆ ಮಾತೆಗೂ ಚುಚ್ಚುತ್ತೆ, ವಾದ್ಯಾರೇ" ಅನ್ನೋರು. ವಾದ್ಯಾರ್ ಅಂದರೆ ತಮಿಳಿನಲ್ಲಿ ಮೇಷ್ಟ್ರು. ಅಂದರೆ ನಾನು.

ಕಾಕ್ಸ್ ಟೌನಿನಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕೂತು ಅವರು ಮನೆಮನೆಯ ಹಳೇ ಪ್ರತಿಮೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಹಲಗೆಯ ಮೇಲೆ ಮೂರು ಡಬ್ಬಿ. ಹೆಸರುಗಳು ಅವರ ಅಪ್ಪನ ಕಾಲದವು: ಮುಖಕ್ಕೆ ಬ್ಲಾಂ ಫಿಕ್ಸ್, ಉಡುಪಿಗೆ ಕಾನ್‌ಸ್ಟಂಟ್ ವೈಟ್, ಪೀಠಕ್ಕೆ ಬರೈಟ್ಸ್. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿ ರಿಟೈರ್ ಆಗಿ, ಕೇಳೋಕೆ ಒಂದು ನರಪಿಳ್ಳೆಯೂ ಇಲ್ಲದೆ ಒದ್ದಾಡುತ್ತಿದ್ದ ನನಗೆ ಇದನ್ನು ಸಹಿಸಲಾಗಲಿಲ್ಲ. ಮೂರೂ ಬೇರಿಯಂ ಸಲ್ಫೇಟೇ ಕಣ್ರೀ ಎಂದು ಎಷ್ಟು ಸಲ ಬಡಕೊಂಡರೂ ಅವರು ತಲೆಯಾಡಿಸಿ, ಬೇಕಾದ ಡಬ್ಬಿಗೇ ಕೈ ಹಾಕುತ್ತಿದ್ದರು.

ಒಮ್ಮೆ ವೇಳಾಂಕಣಿ ಮಾತೆಯ ಯಾತ್ರೆಗೆ ಹೋಗುವಾಗ ಶೆಡ್ಡಿನ ಬೀಗದಕೈ ನನಗೆ ಕೊಟ್ಟುಹೋದರು. ಕೊಡಬಾರದಿತ್ತು. ನಾನು ಮೂರನ್ನೂ ದೊಡ್ಡದೊಂದು ಡಬ್ಬಿಗೆ ಸುರಿದು, ಚೆನ್ನಾಗಿ ಕಲಸಿ, ದುಂಡಕ್ಷರದಲ್ಲಿ 'ಬೇರಿಯಂ ಸಲ್ಫೇಟ್' ಎಂದು ಚೀಟಿ ಅಂಟಿಸಿದೆ. ಉಪಕಾರ ಮಾಡಿದ ಖುಷಿಗೆ ಬೇಕರಿಯಿಂದ ಪ್ಲಮ್ ಕೇಕ್ ಬೇರೆ ತಂದು ತಿಂದೆ.

ವಾಪಸ್ ಬಂದವರು ಒಂದು ಚಿಟಿಕೆ ಕೆನ್ನೆಗೆ ತೀಡಿ "ಚುಚ್ಚುತ್ತೆ" ಅಂದರು. ಪೀಠದ ದಪ್ಪ ತರಿ ಮುಖದ ನುಣ್ಣನೆ ಪುಡಿಗೆ ಸೇರಿಬಿಟ್ಟಿತ್ತು. ರಿಚರ್ಡ್ಸ್ ಟೌನಿನ ಅಜ್ಜಿಯೊಬ್ಬರ ಬಾಲಯೇಸುವಿನ ಪ್ರತಿಮೆ ಮೊಮ್ಮಗಳ ಮದುವೆಗೆಂದು ಶನಿವಾರ ಮನೆ ಸೇರಬೇಕಿತ್ತು. ಮುಖ ಮಾತ್ರ ಬಾಕಿ. ನಾನು ಶಿವಾಜಿನಗರದ ಬಣ್ಣದಂಗಡಿಗಳಿಗೆಲ್ಲ ಓಡಿದೆ. ಬ್ಲಾಂ ಫಿಕ್ಸ್ ಅಂದರೆ ಯಾರಿಗೂ ಗೊತ್ತಿಲ್ಲ. ಒಬ್ಬ ಸಾಬರಂತೂ ಪಾಪ, ಗೋಡೆಗೆ ಹಚ್ಚುವ ಪುಟ್ಟಿ ಕೊಡಲೇ ಅಂದರು.

ಬರಿಗೈಲಿ ಬಂದು ನಿಂತ ನನ್ನನ್ನು ಆರೋಗ್ಯಮ್ಮ ಬೈಯಲಿಲ್ಲ. "ವಾದ್ಯಾರೇ, ನಿಮ್ಮನೇಲಿ ನಿಮ್ಮನ್ನ ಏನಂತ ಕರೀತಾರೆ? ಮನುಷ್ಯ ಅಂತಾನಾ?" ಎಂದಷ್ಟೇ ಕೇಳಿದರು.

ಆಮೇಲೆ ಎರಡು ಬಕೆಟ್ ಮುಂದಿಟ್ಟು ನನ್ನನ್ನು ಕೂರಿಸಿದರು. ಪುಡಿಯನ್ನು ನೀರಿಗೆ ಹಾಕಿ ಕಲಕಬೇಕು, ತರಿ ತಳ ಸೇರಿದ ಮೇಲೆ ಮೇಲಿನ ಹಾಲಿನಂಥ ನೀರನ್ನು ಬಗ್ಗಿಸಿಕೊಳ್ಳಬೇಕು, ಅದನ್ನು ಮತ್ತೆ ಕಲಕಬೇಕು. ಪಿಯುಸಿ ಹುಡುಗರಿಗೆ ಬೋರ್ಡಿನ ಮೇಲೆ ಇದನ್ನೇ ಬರೆದು ಬರೆದು ತೋರಿಸಿದ್ದೆ. ಕೈಯಾರೆ ಮಾಡಿದ್ದು ಅದೇ ಮೊದಲು. ಎರಡು ದಿನಕ್ಕೆ ಸೊಂಟ ಬಿದ್ದುಹೋಯಿತು. ಕೊನೆಗೆ ಒಣಗಿದ ಪುಡಿಯನ್ನು ಅವರು ಈ ಸಲ ನನ್ನ ಕೆನ್ನೆಗೆ ತೀಡಿದರು. ಏನೂ ಚುಚ್ಚಲಿಲ್ಲ. "ಹಾಗಾದ್ರೆ ಸರಿ" ಅಂದರು. ಶನಿವಾರ ಸಂಜೆಗೆ ಬಾಲಯೇಸು ಮನೆ ಸೇರಿದ.

ಹೋದ ವರ್ಷ ಆರೋಗ್ಯಮ್ಮ ತೀರಿಕೊಂಡರು. ಶೆಡ್ಡು ಖಾಲಿ ಮಾಡುವಾಗ ಅವರ ಮಗಳು ನನ್ನನ್ನು ಕರೆದಳು. ಹಲಗೆಯ ಮೇಲೆ ಈಗ ನಾಲ್ಕು ಡಬ್ಬಿ. ನಾಲ್ಕನೆಯದರಲ್ಲಿ ಅವತ್ತು ನನ್ನ ಬಕೆಟ್ಟಿನ ತಳದಲ್ಲಿ ಉಳಿದ ತರಿ. ನಾನು ಅಂಟಿಸಿದ್ದ ಚೀಟಿಯೇ. ಆದರೆ 'ಬೇರಿಯಂ ಸಲ್ಫೇಟ್' ಹೊಡೆದುಹಾಕಿ ಕೆಳಗೆ ಆರೋಗ್ಯಮ್ಮನವರ ಸೊಟ್ಟಕ್ಷರದಲ್ಲಿ 'ವಾದ್ಯಾರ್ ವೈಟ್'. ಇದನ್ನು ಎಲ್ಲಿಗೆ ಬಳಿಯುತ್ತಿದ್ದರು ಎಂದು ಕೇಳಿದೆ.

"ಅದಾ ಅಂಕಲ್? ಪ್ರತಿಮೆ ತಳಕ್ಕೆ. ಯಾರ್ಗೂ ಕಾಣಲ್ವಲ್ಲ, ಅಲ್ಲಿಗೆ."

ಡಬ್ಬಿ ಮನೆಗೆ ತಂದು, ಒಂದು ಚಿಟಿಕೆ ಕೆನ್ನೆಗೆ ತೀಡಿ ನೋಡಿದೆ. ಚುಚ್ಚಿತು.