ಅಕ್ಕನ ಹಸಿರು ಸೀರೆಯ ತುಂಡು

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ವಿಮಾ ಕಚೇರಿಯಲ್ಲಿ ವಾಹನ ಅಪಘಾತದ ಕ್ಲೇಮುಗಳನ್ನು ನೋಡುತ್ತಲೇ ನನ್ನ ತಲೆ ನರೆಯಿತು. ಜನ ಹೇಳುವ ಮಾತಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದೇ ನನ್ನ ಕೆಲಸವಾಗಿತ್ತು. ಬ್ರೇಕ್ ತಾನಾಗಿಯೇ ಹಿಡಿಯಿತು, ಯಾರೋ ಸ್ಟಿಯರಿಂಗ್ ತಿರುಗಿಸಿದಂತಾಯಿತು ಎಂದು ಬರೆದುಕೊಟ್ಟವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಬೆವರಿಳಿಸಿದ್ದೇನೆ. ಈಗ ನಾನು ಹೇಳಹೊರಟಿರುವುದನ್ನು ಯಾರಾದರೂ ನನ್ನ ಮೇಜಿಗೆ ತಂದಿದ್ದರೆ ಅವರ ಗತಿಯೂ ಅದೇ ಆಗುತ್ತಿತ್ತು.

ಇದು ನಡೆದದ್ದು ನನ್ನ ಭಾವನ ಶೆಡ್ಡಿನಲ್ಲಿ. ಭಾವ, ಅಂದರೆ ನನ್ನ ಅಕ್ಕನ ಗಂಡ, ಕೋಲಾರದ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಮದರಾಸಿಗೆ ಬಂದು ಮಾಧವರಂನಲ್ಲಿ ಲಾರಿ ಎಂಜಿನ್ನುಗಳನ್ನು ಬಿಚ್ಚಿ ಕಟ್ಟುವ ಶೆಡ್ ಹಾಕಿಕೊಂಡರು. ಅವರ ಕೆಲಸ ನೋಡುವುದೆಂದರೆ ನನಗೆ ಇವತ್ತಿಗೂ ಆಸೆ. ರಜೆಯ ದಿನ ಬೀಚಿಗೆ ಹೋಗೋಣ ಎಂದು ಮನೆಯವರು ಕರೆದರೆ ನಾನು ಆ ಗ್ರೀಸಿನ ವಾಸನೆಯ ಜಾಗಕ್ಕೆ ಹೊರಡುತ್ತಿದ್ದೆ. ಭಾವ ಪಿಸ್ಟನ್ನನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಇಳಿಸುವಾಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ.

ಎಂಜಿನ್ ಬಿಚ್ಚಿದ ಮೇಲೆ ತೆರೆದುಕೊಂಡ ಒಂದೊಂದು ತೂತಿಗೂ ಬಟ್ಟೆ ತುರುಕಬೇಕು ಎನ್ನುವುದು ಅವರ ಕಟ್ಟುನಿಟ್ಟು. ಚೂರು ಮರಳು ಒಳಗೆ ಬಿದ್ದರೂ ಮಾಡಿದ್ದೆಲ್ಲ ಮಣ್ಣುಪಾಲು. ಆ ಬಟ್ಟೆ ಒದಗಿಸುತ್ತಿದ್ದವಳು ಅಕ್ಕ. ತನ್ನ ಹಳೆಯ ನೂಲಿನ ಸೀರೆಗಳನ್ನು ಚೌಕವಾಗಿ ಕತ್ತರಿಸಿ, ಎಳೆ ಬಿಚ್ಚಿಕೊಂಡು ಎಂಜಿನ್ನಿನೊಳಗೆ ಹೋಗಬಾರದೆಂದು ನಾಲ್ಕೂ ಅಂಚು ಮಡಿಚಿ ಕೈಯಲ್ಲೇ ಹೊಲಿಯುತ್ತಿದ್ದಳು. ಈ ಊರಿನ ಅರ್ಧ ಲಾರಿಗಳು ನನ್ನ ಸೀರೆ ಉಟ್ಟಿವೆ ಎಂದು ನಗುತ್ತಿದ್ದಳು.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಡೀಸೆಲ್ ಎಂಜಿನ್ ಅಪರೂಪಕ್ಕೆ ಹುಚ್ಚೇಳುತ್ತದೆ. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ತುಂಬುವ ಚಕ್ರ, ಅದರಲ್ಲಿ ಆಯಿಲ್ ತಡೆಯುವ ಸೀಲ್ ಸೋರಿದರೆ ಎಂಜಿನ್ ತನ್ನದೇ ಆಯಿಲನ್ನು ಕುಡಿದು ಓಡತೊಡಗುತ್ತದೆ. ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ಒಡೆದು ಚೂರಾಗುವ ತನಕ ವೇಗ ಏರುತ್ತಲೇ ಇರುತ್ತದೆ. ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿ ಮುಚ್ಚುವುದೊಂದೇ ದಾರಿ. ಆದ್ದರಿಂದ ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡುವಾಗಲೆಲ್ಲ ಅಕ್ಕ ಮನೆಯಿಂದ ತಂದ ಊಟದ ಮಣೆ ಹಿಡಿದು ಆ ಬಾಯಿಯ ಪಕ್ಕ ನಿಲ್ಲುತ್ತಿದ್ದಳು. ಒಮ್ಮೆಯೂ ಅದರ ಅಗತ್ಯ ಬೀಳಲಿಲ್ಲ.

ಕೊನೆಗೆ ನುಂಗಂಬಾಕ್ಕಂನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವಳ ಕೈ ಸುಮ್ಮನಿರಲಿಲ್ಲ. ಬಿಳಿ ಚುಕ್ಕಿಗಳ ಹಸಿರು ಸುಂಗುಡಿ ನೂಲಿನ ಸೀರೆಯೊಂದನ್ನು ಕತ್ತರಿಸಿಕೊಂಡು ಬಂದಿದ್ದಳು. ದಾರ ಮುಗಿಯಿತೆಂದಳು. ನಾನು ಕೆಳಗಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದೆ, ಕುಂಕುಮದ ಬಣ್ಣದ್ದು.

“ಹಸಿರಿಗೆ ಕೆಂಪು ತಂದಿದ್ದೀಯಲ್ಲೇ, ಲಾರಿಗೇನು ಮದುವೆನಾ?” ಎಂದು ರೇಗಿಸಿದಳು. ಆದರೂ ಅದರಲ್ಲೇ ಹೊಲಿದಳು. ಆ ದಾರದಲ್ಲಿ ಅವಳು ಹೊಲಿದದ್ದು ಒಂದೇ ತುಂಡು, ಅದರಲ್ಲೂ ಮೂರು ಅಂಚು ಮುಗಿದು ನಾಲ್ಕನೆಯದು ಬಾಕಿ ಉಳಿಯಿತು. ಅವಳನ್ನು ಕಳಿಸಿಕೊಡುವಾಗ ನಾನೇ ಅದನ್ನು ಮಡಿಚಿ ಅವಳ ಕೈಯಡಿ ಇಟ್ಟೆ. ವಿದ್ಯುತ್ ಚಿತಾಗಾರದ ಬಾಗಿಲು ಮುಚ್ಚುವ ತನಕ ನನ್ನ ಕಣ್ಣು ಆ ಹಸಿರಿನ ಮೇಲೇ ಇತ್ತು.

ಭಾವ ಶೆಡ್ಡಿಗೆ ಬೀಗ ಹಾಕಿದರು. ವೆಸ್ಟ್ ಮಾಂಬಲಂನ ಮನೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ರೈಲಿನ ಸದ್ದು ಕೇಳುತ್ತಾ ಕೂತುಬಿಟ್ಟರು. ಅಕ್ಕ ಹೊಲಿದ ಬಟ್ಟೆಗಳೆಲ್ಲ ಗಂಟಾಗಿ ಅಟ್ಟ ಸೇರಿದವು. ನಾನು ಪಕ್ಕದ ಬೀದಿಯವಳು, ದಿನಾ ಹೋಗುತ್ತಿದ್ದೆ. ಅವರು ತಿನ್ನುತ್ತಿದ್ದರು, ಮಲಗುತ್ತಿದ್ದರು, ಅಷ್ಟೇ. ಹೀಗೇ ಬಿಟ್ಟರೆ ಇವರೂ ಉಳಿಯುವುದಿಲ್ಲ ಎಂದು ನನಗೆ ಭಯವಾಗಿತ್ತು.

ಆಗ ಬಂದವನು ಸೆಲ್ವಂ, ಭಾವನ ಹಳೆಯ ಗಿರಾಕಿ. ಬಂದರಿನಿಂದ ಕಬ್ಬಿಣದ ಸುರುಳಿಗಳನ್ನು ಹೊಸೂರಿನ ಕಾರ್ಖಾನೆಗಳಿಗೆ ಸಾಗಿಸುವವನು. ಅವನ ಹಳೆಯ ಟರ್ಬೊ ಲಾರಿ ಕೃಷ್ಣಗಿರಿ ದಾಟಿದ ಮೇಲಿನ ಏರಿನಲ್ಲಿ ಏದುಸಿರು ಬಿಡುತ್ತಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಹೊಸ ಲಾರಿ ಕೊಳ್ಳಲು ಅವನಿಗೆ ಮನಸ್ಸಿಲ್ಲ. ಈ ಎಂಜಿನ್ನಿಗೇ ಇನ್ನಷ್ಟು ಶಕ್ತಿ ಬರುವ ಹಾಗೆ ಮಾಡಿಕೊಡಿ ಎಂದು ಭಾವನ ಮುಂದೆ ಕೂತ. ಭಾವ ಕಿಟಕಿಯ ಕಡೆ ಮುಖ ತಿರುಗಿಸಿದರು. ಸೆಲ್ವಂ ಎದ್ದು ಹೋಗುವವನಲ್ಲ. ಕಾಫಿ ಕುಡಿದ, ಊಟ ಮಾಡಿದ, ಮತ್ತೆ ಕಾಫಿ ಕೇಳಿದ.

ಕೊನೆಗೆ ಭಾವ ನನ್ನ ಕಡೆ ತಿರುಗಿ, “ಇದೊಂದು ನೋಡ್ತೀನಮ್ಮ. ಇದೂ ಕೈಕೊಟ್ರೆ ಶೆಡ್ಡು ಖಾಲಿ ಮಾಡ್ಬಿಡ್ತೀನಿ, ಆಮೇಲೆ ನನ್ನ ಕೇಳ್ಬೇಡ” ಎಂದರು.

ಆ ಎಂಜಿನ್ ಕಟ್ಟಿದ್ದನ್ನು ನೀವು ನೋಡಬೇಕಿತ್ತು. ಕುರ್ಚಿಯಲ್ಲಿ ಕೂತಿದ್ದ ಮುದುಕ ಎಲ್ಲಿ ಹೋದನೋ. ಪಿಸ್ಟನ್ ಓಡಾಡುವ ಹೊಸ ಲೈನರ್, ಹೊಸ ಪಿಸ್ಟನ್, ಹೆಚ್ಚಿನ ಒತ್ತಡ ತಡೆಯಲು ಮೇಲಿನ ಮುಚ್ಚಳವಾದ ಹೆಡ್ಡಿಗೆ ಗಟ್ಟಿ ಬೋಲ್ಟುಗಳು. ಮೊದಲಿನದಕ್ಕಿಂತ ದೊಡ್ಡ ಟರ್ಬೊ, ಅದು ತಳ್ಳುವ ಬಿಸಿ ಗಾಳಿಯನ್ನು ತಣಿಸಲು ಒಂದು ಕೂಲರ್. ಡೀಸೆಲ್ ಪಂಪಿಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಗಾಳಿ ಕೊಡದೆ ಡೀಸೆಲ್ ಸುರಿದರೆ ಹೊಗೆ ಬರುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ ಎಂದು ಸೆಲ್ವಂಗೆ ತಮಿಳಿನಲ್ಲಿ ಪಾಠ ಹೇಳಿದರು. ಒಂದೇ ಒಂದು ವಿಷಯ ನನ್ನನ್ನು ಚುಚ್ಚಿತು. ಬಟ್ಟೆಯ ಬದಲು ತೂತುಗಳಿಗೆಲ್ಲ ಅಂಗಡಿಯ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರು. ಶೆಡ್ಡಿನಲ್ಲಿ ಅಕ್ಕನ ಒಂದು ಚೂರು ಬಟ್ಟೆಯೂ ಇರಲಿಲ್ಲ.

ಸ್ಟಾರ್ಟ್ ಮಾಡಿದ್ದು ಒಳ್ಳೆ ಬಿಸಿಲಿನ ಬೆಳಿಗ್ಗೆ. ಎಂಜಿನ್ ಇನ್ನೂ ಲಾರಿಗೇರದೆ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಗಾಳಿ ಕೊಳವೆಯ ಬಾಯಿಗೆ ತಂತಿ ಬಲೆ. ಮಣೆ ಹಿಡಿದು ನಾನು ನಿಲ್ಲುತ್ತೇನೆ ಎಂದೆ. ಬೇಡ ಎಂದು ಭಾವ ಗದರಿ, ಅದನ್ನು ಕೊಳವೆಯ ಪಕ್ಕ ಒರಗಿಸಿಟ್ಟರು. ಆ ಜಾಗದಲ್ಲಿ ಇನ್ನೊಬ್ಬರನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ ಎಂದುಕೊಂಡೆ.

ಎಂಜಿನ್ ಸ್ಟಾರ್ಟ್ ಆಯಿತು. ಎಂಥ ಸದ್ದು! ಒರಟಿಲ್ಲ, ತಡವರಿಕೆ ಇಲ್ಲ. ಭಾವ ನಿಧಾನವಾಗಿ ವೇಗ ಏರಿಸಿದರು, ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ಸೆಲ್ವಂ ಕಣ್ಣೊರೆಸಿಕೊಂಡ. ಎಷ್ಟೋ ತಿಂಗಳ ಮೇಲೆ ಭಾವನ ಮುಖದಲ್ಲಿ ನಗು ಕಂಡೆ.

ಅವರು ವೇಗ ಇಳಿಸಿದರು. ಅದು ಇಳಿಯಲಿಲ್ಲ. ಸಿಳ್ಳೆ ಕಿರುಚಾಟವಾಯಿತು, ನೀಲಿ ಹೊಗೆ ಶೆಡ್ ತುಂಬಿತು. ಭಾವ ಪಂಪ್ ನಿಲ್ಲಿಸಿದರು, ಡೀಸೆಲ್ ಪೈಪನ್ನೇ ಕಿತ್ತರು. ಎಂಜಿನ್ನಿಗೆ ಅದರ ಪರಿವೆಯೇ ಇರಲಿಲ್ಲ. ಸ್ಟ್ಯಾಂಡ್ ಕುಣಿಯುತ್ತಿತ್ತು, ಮಣೆ ಜಾರಿ ಅದರಡಿ ಸೇರಿತ್ತು. ಸೆಲ್ವಂ ನನ್ನ ತೋಳು ಹಿಡಿದು ಹೊರಗೆಳೆದ. ಯಾವ ಕ್ಷಣದಲ್ಲಾದರೂ ಕಬ್ಬಿಣ ಸಿಡಿಯಬಹುದಿತ್ತು. ಭಾವ ಹೊರಗೆ ಬರುವ ಬದಲು ಮಣೆಗಾಗಿ ಬಗ್ಗಿ ಒಳಗೆ ಹೋಗುತ್ತಿದ್ದರು. ನಾನು ಭಾವಾ ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ.

ಥಟ್ಟನೆ ಎಂಜಿನ್ ಬಿಕ್ಕಳಿಸಿ ನಿಂತಿತು.

ಹೊಗೆ ತಿಳಿಯಾದ ಮೇಲೆ ನೋಡಿದರೆ ಭಾವ ನೆಲದ ಮೇಲೆ ಕೂತಿದ್ದರು, ಮಣೆ ಇನ್ನೂ ಸ್ಟ್ಯಾಂಡಿನಡಿಯೇ ಇತ್ತು. ಗಾಳಿ ಕೊಳವೆಯ ಬಾಯಿಗೆ, ತಂತಿ ಬಲೆಯ ಮೇಲೆ, ಒಂದು ಬಟ್ಟೆ ಬಿಗಿಯಾಗಿ ಅಂಟಿಕೊಂಡಿತ್ತು. ಹಸಿರು ಸುಂಗುಡಿ, ಅಂಚಿಗೆ ಕುಂಕುಮದ ಬಣ್ಣದ ದಾರ.

ಭಾವ ಎದ್ದು ಅದನ್ನು ಬಿಡಿಸಿಕೊಂಡರು, ತಿರುಗಿಸಿ ತಿರುಗಿಸಿ ನೋಡಿದರು, ಮಡಿಚಿ ಅಂಗಿಯ ಜೇಬಿಗೆ ಹಾಕಿದರು. ಆಮೇಲೆ ಸೆಲ್ವಂಗೆ, ಟರ್ಬೊದ ಸೀಲ್ ಸರಿಯಿಲ್ಲ, ನಾಳೆ ಬೇರೆ ಹಾಕೋಣ ಎಂದರು. ನಾಳೆ ಎಂಬ ಮಾತು ಕೇಳಿ ನನಗೆ ಅಳು ಬಂತು.

ಹುಚ್ಚೆದ್ದ ಎಂಜಿನ್ ಸುತ್ತಮುತ್ತ ಹಗುರವಾಗಿ ಏನಿದ್ದರೂ ಎಳೆದುಕೊಳ್ಳುತ್ತದೆ, ಅದು ನನಗೂ ಗೊತ್ತು. ಪ್ರಶ್ನೆ, ಆ ಬಟ್ಟೆ ಅಲ್ಲಿ ಹೇಗಿತ್ತು ಎನ್ನುವುದು. ಹೆಂಡತಿಯ ಕೈಯಿಂದ ಕೊನೆ ಗಳಿಗೆಯಲ್ಲಿ ಭಾವನೇ ತೆಗೆದಿಟ್ಟುಕೊಂಡಿರಬೇಕು, ಜೇಬಿನಿಂದ ಹಾರಿರಬೇಕು. ನನ್ನ ವೃತ್ತಿಯ ಬುದ್ಧಿ ಹಾಗೆ ತೀರ್ಪು ಕೊಟ್ಟಿತು. ಚಿತಾಗಾರದ ಬಾಗಿಲು ಮುಚ್ಚುವ ತನಕ ನಾನೇ ನೋಡಿದ್ದೆನಲ್ಲ ಎಂಬುದನ್ನು ಆ ಬುದ್ಧಿ ಪಕ್ಕಕ್ಕೆ ತಳ್ಳಿತು.

ಲಾರಿ ಹೊಸೂರಿನ ಏರನ್ನು ಗೇರ್ ಇಳಿಸದೆ ಹತ್ತಿತು ಎಂದು ಸೆಲ್ವಂ ಫೋನ್ ಮಾಡಿದ ದಿನ ಭಾವ ನಮ್ಮ ಮನೆಗೆ ಬಂದರು. ಜೇಬಿನಿಂದ ಆ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದರು.

“ಇದನ್ನ ನೀನೇ ಇಟ್ಕೊಂಡಿದ್ದೆ ಅಂತ ಗೊತ್ತಮ್ಮ. ಅವತ್ತು ನೀನು ನಂಗೋಸ್ಕರ ಶೆಡ್ಡಿಗೆ ತಂದಿದ್ದೆ, ಒಳ್ಳೇದಾಯ್ತು” ಎಂದರು. “ಒಂದೇ ಒಂದು ಕೇಳ್ತೀನಿ. ಈ ನಾಲ್ಕನೇ ಅಂಚು ಹೊಲಿದದ್ದೂ ನೀನೇನಾ?”

ನಾನು ಬಟ್ಟೆಯನ್ನು ಕೈಗೆತ್ತಿಕೊಂಡೆ. ನಾಲ್ಕೂ ಅಂಚು ಮುಗಿದಿತ್ತು. ಅದೇ ಕುಂಕುಮದ ದಾರ, ಕೊಂಚ ಓರೆಯಾಗಿ ಬೀಳುವ ಅದೇ ಹೊಲಿಗೆ, ಕೊನೆಯಲ್ಲಿ ಅಕ್ಕ ಹಾಕುತ್ತಿದ್ದ ಅದೇ ಜೋಡಿ ಗಂಟು. ನನಗೆ ಒಂದು ಗುಂಡಿ ಹೊಲಿಯಲೂ ಬರುವುದಿಲ್ಲ, ಅದು ಭಾವನಿಗೂ ಗೊತ್ತು.