ಮೊದಲ ಬೊಗಸೆ ಓಕಳಿ

ಸುಣ್ಣ, ಅರಿಷಿಣ ಕಲಸಿದ ನೀರಿನ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದೆ. ಹೋದ ವಾರ, ಹಳಿಯಾಳದಲ್ಲಿ ಗೆಳೆಯನ ತಂಗಿಯ ಮದುವೆ. ಚಪ್ಪರದಲ್ಲಿ ಬೀಗರ ಓಕಳಿ ಶುರುವಾಗಿತ್ತು. ಆ ಕೆಂಪು ನೀರು ಕಂಡರೆ ನನಗೆ ಮೌಶಿ ನೆನಪಾಗುತ್ತಾರೆ...

ಮೌಶಿ, ಚಿಕ್ಕಮ್ಮ ಅಂತ ನಾವು ಕರೆಯುತ್ತಿದ್ದವರು, ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯವರು. ಕಾಗದದ ಮಿಲ್ಲಿನ ಗೇಟಿನ ಎದುರು ಮಿರ್ಚಿ ಭಜಿ ಕರಿಯುತ್ತಿದ್ದರು. ಗಂಡ ಇರಲಿಲ್ಲ. ಒಬ್ಬಳೇ ಮಗಳು, ಅವಳೂ ಹುಟ್ಟಿದ್ದು ತಡವಾಗಿ. ಎಣ್ಣೆಯ ಝಳಕ್ಕೆ ಮುಖದ ತುಂಬ ಸುಕ್ಕು. ಮಗಳ ನಿಶ್ಚಯಕ್ಕೆ ಬಂದ ಬೀಗರಲ್ಲಿ ಯಾರೋ ಕೇಳಿದರು, "ಅಜ್ಜಿ, ಹುಡುಗಿ ಅವ್ವ ಎಲ್ಲಿ ಅದಾಳ್ರಿ?"

ಮೌಶಿ ನಕ್ಕು, "ಚಹಾ ತರ್ತೇನಿ" ಅಂತ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ನನ್ನನ್ನು ಕರೆದರು. "ತಮ್ಮಾ, ಹುಬ್ಬಳ್ಳಿಗೆ ಹೋಗೂಣು ಬಾ. ಅಲ್ಲಿ ಲೇಸರ್ ಅಂತ ಐತಂತ. ಬೆಳಕು ಬಿಟ್ಟು ಮಾರಿ ಮ್ಯಾಲಿನ ಚರ್ಮ ಸುಡ್ತಾರ, ಹೊಸಾದು ಬರ್ತೈತಿ."

"ಮಾರಿ ಸುಡಿಸ್ಕೊಳ್ಳಾಕ ಹುಚ್ಚ ಹಿಡದೈತೇನ ನಿಮಗ?"

"ಎಣ್ಣಿ ಮುಂದ ಅರ್ಧ ಸುಟ್ಟೈತಿ. ಉಳದದ್ದು ಡಾಕ್ಟರ್ ಸುಡ್ಲಿ. ಮದುವಿ ದಿನ ನನ್ನ ಯಾರೂ ಅಜ್ಜಿ ಅನಬಾರದು, ಅಷ್ಟ. ಮಗಳಿಗೆ ಹೇಳಬ್ಯಾಡ, ನನ್ನ ಮ್ಯಾಲ ಆಣಿ."

ಕೈಯಲ್ಲಿದ್ದ ಪಾಟ್ಲಿ, ಬಂಗಾರದ ಬಳೆ, ಮಾರಿದರು. ಲೇಸರ್ ಆದ ಮೇಲೆ ಮುಖ ಸಿಪ್ಪೆ ಹೆರೆದ ಗಜ್ಜರಿಯ ಹಾಗೆ ಕೆಂಪಗಾಯಿತು. ಡಾಕ್ಟರು ನನ್ನೆದುರೇ ಹೇಳಿದ್ದರು, ಕೆಲವು ತಿಂಗಳು ಬಿಸಿಲು ಬೇಡ, ಒಲೆ ಬೇಡ, ತಾವು ಕೊಟ್ಟ ಮುಲಾಮು ಬಿಟ್ಟು ಮುಖಕ್ಕೆ ಏನೂ ಹಚ್ಚಬೇಡಿ, ಹೊಸ ಚರ್ಮ ಕಪ್ಪಾಗುತ್ತದೆ ಅಂತ. ಮೌಶಿ ಜೊಯಿಡಾದಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಸೆರಗು ಮುಚ್ಚಿಕೊಂಡು ಕೂತರು. ಮಗಳಿಗೆ, ಎಣ್ಣೆ ಸಿಡಿದು ಮುಖ ಸುಟ್ಟಿತು ಅಂತ ಸುಳ್ಳು ಹೇಳಿದರು.

ಮದುವೆಯ ದಿನ ಸುಕ್ಕು ಪೂರ್ತಿ ಹೋಗಿರಲಿಲ್ಲ. ಆದರೂ ಮುಖ ನುಣ್ಣಗಿತ್ತು. ಬೀಗರ ಕಡೆಯ ಹೆಂಗಸೊಬ್ಬರು, "ಹುಡುಗಿ ಅವ್ವ ಯಾರ್ರಿ?" ಅಂದರು.

"ನಾನ ರೀ" ಅಂದರು ಮೌಶಿ. ಯಾರೂ ಬೆರಗಾಗಲಿಲ್ಲ. ಅವರಿಗೆ ಅಷ್ಟೇ ಬೇಕಿತ್ತು.

ಆಮೇಲೆ ಓಕಳಿ. ಮೊದಲ ಬೊಗಸೆ ಹುಡುಗಿಯ ಅವ್ವನಿಗೇ ಹಾಕಬೇಕು, ಅದು ಮರ್ಯಾದೆ. ಗಂಡಿನ ಅವ್ವ ಬೊಗಸೆ ತುಂಬಿಕೊಂಡು ಬಂದರು. "ಬರ್ರಿ ಬೀಗತಿ, ಮಾರಿ ಕೊಡ್ರಿ. ನಾಚತೀರೇನ?"

ನಾನು ನಡುವೆ ನುಗ್ಗಿದೆ. ಮೌಶಿ ಕಣ್ಣಲ್ಲೇ ನನ್ನನ್ನು ತಡೆದರು. ಬೇಡ ಅಂದರೆ ಬೀಗರಿಗೆ ಅವಮಾನ. ನುಣ್ಣಗಿನ ಮುಖಕ್ಕೆ ಎಣ್ಣೆ ಸಿಡಿದ ನೆಪ ಇನ್ನು ನಡೆಯುವುದಿಲ್ಲ, ಯಾಕೆ ಬೇಡ ಅಂತ ನಿಜ ಹೇಳಿದರೆ ಮಗಳಿಗೆ ಎಲ್ಲ ಗೊತ್ತಾಗುತ್ತದೆ. ತಾವಾಗಿಯೇ ಮುಖ ಮುಂದೆ ಚಾಚಿದರು. ಗಂಡಿನ ಅವ್ವ ಎರಡೂ ಗಲ್ಲಕ್ಕೆ ಸುಣ್ಣದ ನೀರು ತಿಕ್ಕಿದರು. ಮೌಶಿ ನಗುತ್ತಲೇ ಇದ್ದರು. ಆಮೇಲೆ ತಾವೂ ಒಂದು ಬೊಗಸೆ ತುಂಬಿ ಬೀಗತಿಗೆ ಹಾಕಿದರು...

ಕೆಲವೇ ದಿನಗಳಲ್ಲಿ ಮುಖದ ತುಂಬ ಕಪ್ಪು ಕಲೆಗಳು ಎದ್ದವು. ಹೋಗಲೇ ಇಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂತ ಎಷ್ಟು ಕರೆದರೂ ಬರಲಿಲ್ಲ. ಸೆರಗು ಕೆಳಗೆ ಎಳೆದುಕೊಂಡು ಮತ್ತೆ ಭಜಿ ಕರಿದರು. ಹೋದ ವರ್ಷ ತೀರಿಕೊಂಡರು.

ಹಳಿಯಾಳದ ಮದುವೆಗೆ ಅವರ ಮಗಳೂ ಬಂದಿದ್ದಳು. ಕೈಯೆಲ್ಲ ಕೆಂಪು. "ಯಾಕ ಓಡ್ತಿ ಅಣ್ಣಾ? ನಮ್ಮವ್ವ ನೋಡು, ಓಕಳಿ ಬ್ಯಾಡ ಅಂದಾಕಿನ ಅಲ್ಲ" ಅಂದಳು.

ಹೇಳಿಬಿಡಬೇಕು ಅನ್ನಿಸಿತು. ಆಣೆ ನೆನಪಾಯಿತು. ಮುಖ ಕೊಟ್ಟೆ.

ಅಷ್ಟೇ. ಇನ್ನು ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.